ಯಾವುದಕ್ಕಿಂತ ಸುರಕ್ಷಿತ?

2025ರ ಜುಲೈ ಮೊದಲ ವಾರ ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನಿಂದಲೇ ಜನವೋ ಜನ. ಎದೆನೋವು ಬಂದವರಿಗಿಂತ, ಎಲ್ಲಿ ಬಂದುಬಿಡುತ್ತದೋ ಎಂದು ಹೆದರಿ ಬಂದವರೇ ಹೆಚ್ಚು. ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಟಿವಿಯಲ್ಲಿ ಹಗಲಿರುಳು ಓಡುತ್ತಿತ್ತು. ಸತ್ತವರಲ್ಲಿ ಹರೆಯದವರೂ ಇದ್ದರು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟಿದ್ದೂ ಈ ಸಾವುಗಳಿಗೆ ಕಾರಣವಾಗಿರಬಹುದು ಎಂಬ ಅರ್ಥದ ಮಾತಾಡಿದರು. ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಅದನ್ನು ಅಲ್ಲಗಳೆಯಿತು. ಉದ್ಯಮಿ ಕಿರಣ್ ಮಜುಂದಾರ್ ಶಾ ಲಸಿಕೆಯ ಪರ ನಿಂತರು. ಅಲ್ಲಿಗೆ ಇದು ಹೃದಯದ ಪ್ರಶ್ನೆಯಾಗಿ ಉಳಿಯದೆ ಬೆಂಗಳೂರು–ದೆಹಲಿ ಜಗಳವಾಯಿತು.

ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ, ರಾಜ್ಯ ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿಯ ವರದಿಯೂ ಅದೇ ತಿಂಗಳು ಹೊರಬಂತು. ಜಯದೇವಕ್ಕೆ ದಾಖಲಾದ 251 ಹೃದ್ರೋಗಿಗಳನ್ನು ನೋಡಿದರೆ, ಅವರಲ್ಲಿ 111 ಮಂದಿ ಬೀಡಿ–ಸಿಗರೇಟು ಸೇದುವವರು, 102 ಮಂದಿಗೆ ರಕ್ತದೊತ್ತಡ, 87 ಮಂದಿಗೆ ಸಕ್ಕರೆ ಕಾಯಿಲೆ. ಲಸಿಕೆಗೂ ಎಳೆವಯಸ್ಸಿನ ಹೃದ್ರೋಗಕ್ಕೂ ನಂಟು ಕಾಣಲಿಲ್ಲ. ಅದಕ್ಕೂ ಮೊದಲೇ ಐಸಿಎಂಆರ್ 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ, 18ರಿಂದ 45 ವರ್ಷದೊಳಗೆ ಹಠಾತ್ತನೆ ಸತ್ತ 729 ಮಂದಿಯ ವಿವರಗಳನ್ನು ಬದುಕಿರುವ 2,916 ಮಂದಿಯ ವಿವರಗಳ ಜೊತೆ ಹೋಲಿಸಿತ್ತು. ಕೋವಿಡ್ ಬಂದು ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಇಂಥ ಸಾವು ಆಗಿದ್ದು, ಮಿತಿಮೀರಿ ಕುಡಿದಿದ್ದು ಅಪಾಯ ಹೆಚ್ಚಿಸಿದ್ದವು. ಲಸಿಕೆ ಹೆಚ್ಚಿಸಿರಲಿಲ್ಲ.

ವರದಿ ಬಂದರೂ ಭಯ ಹೋಗಲಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗಿನಿಂದ ಕನ್ನಡಿಗರ ಎದೆಯಲ್ಲಿ ಆ ಭಯ ಕೂತುಬಿಟ್ಟಿದೆ. ಜಿಮ್ಮೋ, ಲಸಿಕೆಯೋ, ಕೋವಿಡ್ಡೋ ಎಂಬ ಚರ್ಚೆ ಕಟಿಂಗ್ ಶಾಪಿನಿಂದ ಮದುವೆಮನೆಯವರೆಗೆ ಇಂದಿಗೂ ಮುಗಿದಿಲ್ಲ. ಅಷ್ಟು ಜನ ಹಾಗೆ ಕೇಳುತ್ತಿರುವಾಗ ಅವರನ್ನು ಮೂಢರೆಂದು ತಳ್ಳಿಹಾಕುವುದು ಉದ್ಧಟತನ. ಉತ್ತರ ಕೊಡಬೇಕಾದವರು ಕೊಟ್ಟ ಉತ್ತರವೇ ಅರ್ಧಂಬರ್ಧ ಎಂಬುದು ನನ್ನ ತಕರಾರು. ಒಬ್ಬರು 'ಲಸಿಕೆ ಕಾರಣವಿರಬಹುದು' ಎಂದರು, ಎಷ್ಟರಮಟ್ಟಿಗೆ ಎಂದು ಹೇಳಲಿಲ್ಲ. ಇನ್ನೊಬ್ಬರು 'ಲಸಿಕೆ ಸುರಕ್ಷಿತ' ಎಂದರು, ಯಾವುದಕ್ಕಿಂತ ಎಂದು ಹೇಳಲಿಲ್ಲ. ತಕ್ಕಡಿಗೆ ಎರಡು ತಟ್ಟೆ ಇರುತ್ತದೆ. ನಮ್ಮಲ್ಲಿ ಇಬ್ಬರೂ ಒಂದೊಂದೇ ತಟ್ಟೆ ಹಿಡಿದುಕೊಂಡು ತೂಕ ಹೇಳುತ್ತಾರೆ.

ಕೋವಿಶೀಲ್ಡ್, ಅಂದರೆ ನಮ್ಮಲ್ಲಿ ತಯಾರಾದ ಆಸ್ಟ್ರಾಜೆನೆಕಾ ಲಸಿಕೆಯ ವಿಷಯವನ್ನೇ ನೋಡಿ. ಅದರಿಂದ ಅಪಾಯವೇ ಇರಲಿಲ್ಲ ಎನ್ನುವುದು ಸುಳ್ಳು. ರಕ್ತ ಹೆಪ್ಪುಗಟ್ಟಿ, ಜೊತೆಗೇ ಪ್ಲೇಟ್‌ಲೆಟ್ ಕುಸಿಯುವ ಒಂದು ಅಪರೂಪದ ತೊಂದರೆ ಅದರಿಂದ ಆಗುತ್ತಿತ್ತು. ಬ್ರಿಟನ್ನಿನಲ್ಲಿ ಮೊದಲ ಡೋಸ್ ಪಡೆದವರಲ್ಲಿ ಸುಮಾರು ಲಕ್ಷಕ್ಕೆ ಒಬ್ಬರಿಗೆ, ಐವತ್ತು ದಾಟದವರಲ್ಲಿ ಐವತ್ತು ಸಾವಿರಕ್ಕೆ ಒಬ್ಬರಿಗೆ ಅದು ಕಾಣಿಸಿತು. ಕೆಲವರು ಸತ್ತರು. ಅಲ್ಲಿನವರು ಇದನ್ನು ಮುಚ್ಚಿಡಲಿಲ್ಲ, ಹಾಗೆಂದು ಲಸಿಕೆಯನ್ನು ಬಿಸಾಡಲೂ ಇಲ್ಲ. 2021ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜಿನ ವಿಂಟನ್ ಕೇಂದ್ರದವರು ಒಂದು ಪಟ್ಟಿ ಮಾಡಿ ಜನರ ಮುಂದಿಟ್ಟರು. ಒಂದು ಕಡೆ, ಲಕ್ಷ ಮಂದಿಗೆ ಲಸಿಕೆ ಹಾಕಿದರೆ ಹದಿನಾರು ವಾರಗಳಲ್ಲಿ ಎಷ್ಟು ಮಂದಿ ಐಸಿಯು ಸೇರುವುದು ತಪ್ಪುತ್ತದೆ ಎಂಬ ಲೆಕ್ಕ. ಇನ್ನೊಂದು ಕಡೆ, ಅದೇ ಲಕ್ಷ ಮಂದಿಯಲ್ಲಿ ಎಷ್ಟು ಜನಕ್ಕೆ ಈ ಹೆಪ್ಪು ಆಗಬಹುದು ಎಂಬ ಲೆಕ್ಕ. ಅರವತ್ತರಿಂದ ಅರವತ್ತೊಂಬತ್ತರವರಿಗೆ, ಸೋಂಕು ಕಡಿಮೆ ಇದ್ದಾಗಲೂ, ತಪ್ಪುವುದು 14.1, ಆಗುವುದು 0.2. ಇಪ್ಪತ್ತರಿಂದ ಇಪ್ಪತ್ತೊಂಬತ್ತರವರಿಗೆ ತಪ್ಪುವುದು 0.8, ಆಗುವುದು 1.1. ಎಳೆಯರ ಲೆಕ್ಕದಲ್ಲಿ ಲಸಿಕೆಯ ಅಪಾಯದ ಕಡೆಯೇ ತುಸು ಭಾರ. ಮೂವತ್ತರೊಳಗಿನವರಿಗೆ ಬೇರೆ ಲಸಿಕೆ ಕೊಡಿ ಎಂದು ಬ್ರಿಟನ್ ಕೂಡಲೇ ತೀರ್ಮಾನಿಸಿತು. ಮುಂದಿನ ತಿಂಗಳು ಆ ಗೆರೆಯನ್ನು ನಲವತ್ತಕ್ಕೆ ಏರಿಸಿತು.

ಅದೇ ಪಟ್ಟಿಯ ಇನ್ನೊಂದು ಸಾಲನ್ನು ನಮ್ಮವರು ಗಮನಿಸಬೇಕಿತ್ತು. ಸೋಂಕು ಊರೆಲ್ಲ ಹಬ್ಬಿದ್ದಾಗ ಅದೇ ಇಪ್ಪತ್ತರ ಹರೆಯದವರಲ್ಲಿ ಐಸಿಯು ತಪ್ಪುವುದು 0.8 ಅಲ್ಲ, 6.9. ಲಸಿಕೆ ಅದೇ, ವಯಸ್ಸೂ ಅದೇ, ಹೊರಗಿನ ಗಾಳಿ ಮಾತ್ರ ಬೇರೆ. 2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಮಂದಿಗೆ ಸೋಂಕು ದೃಢಪಟ್ಟಿತ್ತು. ಅದಕ್ಕೆ ಎರಡು–ಮೂರು ದಿನ ಮೊದಲು ಚಾಮರಾಜನಗರದಲ್ಲಿ ಆಮ್ಲಜನಕವಿಲ್ಲದೆ ಜನ ಸತ್ತಿದ್ದರು. ಬೇರೆ ಲಸಿಕೆ ಕೊಡೋಣವೆಂದರೆ ಇದ್ದ ಲಸಿಕೆಯೇ ಸಾಲುತ್ತಿರಲಿಲ್ಲ. ಆ ಮೇ ತಿಂಗಳು ಇಲ್ಲಿ ತೋಳು ಚಾಚಿದ ಇಪ್ಪತ್ತೈದರ ಹುಡುಗನೂ ಸರಿ, ಆ ಏಪ್ರಿಲ್‌ನಲ್ಲಿ ಅಲ್ಲಿ ಬೇರೆ ಲಸಿಕೆ ಕೇಳಿದ ಹುಡುಗಿಯೂ ಸರಿ. ಇದನ್ನು ನಮ್ಮ ಜನಕ್ಕೆ ಹೇಳಿದರೆ ತಿಳಿಯುವುದಿಲ್ಲವೇ? ಚೀಟಿ ವ್ಯವಹಾರದಲ್ಲಿ ಯಾವ ತಿಂಗಳು ಎತ್ತಿದರೆ ಎಷ್ಟು ಉಳಿಯುತ್ತದೆಂದು ಬಾಯಲ್ಲೇ ಲೆಕ್ಕ ಹಾಕುವ ಜನ ನಾವು.

ಹೇಳದೇ ಇದ್ದದ್ದರ ಫಲ 2024ರಲ್ಲಿ ಬಂತು. ಆಸ್ಟ್ರಾಜೆನೆಕಾ ಲಂಡನ್ನಿನ ನ್ಯಾಯಾಲಯದಲ್ಲಿ ಈ ತೊಂದರೆಯನ್ನು ಒಪ್ಪಿಕೊಂಡಿದೆ ಎಂಬ ಸುದ್ದಿ ಏಪ್ರಿಲ್ ಕೊನೆಗೆ ಹಬ್ಬಿದ್ದೇ, ಮೂರು ವರ್ಷದ ಹಿಂದೆ ಲಸಿಕೆ ಹಾಕಿಸಿಕೊಂಡವರೆಲ್ಲ ಎದೆ ಮುಟ್ಟಿ ನೋಡಿಕೊಳ್ಳತೊಡಗಿದರು. ಈ ತೊಂದರೆ ಬರುವುದಾದರೆ ಲಸಿಕೆ ಪಡೆದ ಒಂದೂವರೆ ತಿಂಗಳೊಳಗೆ ಬರುತ್ತದೆ. ಆ ಗಡುವು ಎಂದೋ ದಾಟಿತ್ತು. ಭಾರತ ಸರ್ಕಾರವೂ 2021ರ ಮೇ ತಿಂಗಳಲ್ಲೇ, ಹತ್ತು ಲಕ್ಷ ಡೋಸಿಗೆ 0.61ರಷ್ಟು ಇಂಥ ಪ್ರಕರಣಗಳಿವೆ ಎಂದು ಒಂದು ಪ್ರಕಟಣೆ ಹೊರಡಿಸಿತ್ತು. ಅದು ಲಸಿಕೆ ಕೇಂದ್ರದ ಗೋಡೆಗೆ ಬರಲಿಲ್ಲ. ಇನ್ನು ಹೃದಯದ ಸ್ನಾಯುವಿನ ಉರಿಯೂತದ ಬಗ್ಗೆ ಹೊರದೇಶಗಳಲ್ಲಿ ನಡೆದ ಅಧ್ಯಯನಗಳ ಮಾತೂ ಹಾಸನದ ಗದ್ದಲದಲ್ಲಿ ಬಂತು. ಅವು ಮುಖ್ಯವಾಗಿ ಫೈಜರ್ ಮತ್ತು ಮಾಡರ್ನಾ ಲಸಿಕೆಗಳ ಕುರಿತವು. ಅವೆರಡೂ ನಮ್ಮ ಲಸಿಕಾ ಅಭಿಯಾನದಲ್ಲಿ ಬಳಕೆಯಾಗಲೇ ಇಲ್ಲ.

ಯಾವ ಊರಿನ ಮಗು ಎಂಬುದರ ಮೇಲೂ ತೂಕ ಬದಲಾಗುತ್ತದೆ. ರೋಟಾ ವೈರಸ್ ಎಂಬುದು ಎಳೆಮಕ್ಕಳಿಗೆ ವಾಂತಿಭೇದಿ ತರುವ ಸೋಂಕು. ಅಮೆರಿಕದಲ್ಲಿ 1998ರ ಆಗಸ್ಟ್‌ನಲ್ಲಿ ಇದಕ್ಕೆ ರೋಟಾಶೀಲ್ಡ್ ಎಂಬ ಲಸಿಕೆ ಬಂತು. ವರ್ಷ ತುಂಬುವ ಮೊದಲೇ, ಕೆಲವು ಕೂಸುಗಳಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸಿಕ್ಕಿಕೊಳ್ಳುವುದು ಗೊತ್ತಾಯಿತು. ಸುಮಾರು ಹತ್ತು ಸಾವಿರಕ್ಕೆ ಒಂದು ಕೂಸಿಗೆ ಹೀಗಾಗುತ್ತಿತ್ತು. 1999ರ ಅಕ್ಟೋಬರ್‌ನಲ್ಲಿ ಕಂಪನಿ ಲಸಿಕೆಯನ್ನು ಹಿಂದಕ್ಕೆ ಪಡೆಯಿತು. ಅಮೆರಿಕದಲ್ಲಿ ರೋಟಾದಿಂದ ವರ್ಷಕ್ಕೆ ಸಾಯುತ್ತಿದ್ದುದು ಕೆಲವು ಹತ್ತು ಮಕ್ಕಳು ಮಾತ್ರ. ಹಾಗಾಗಿ ಅವರ ಮಟ್ಟಿಗೆ ಅದು ಒಪ್ಪತಕ್ಕ ತೀರ್ಮಾನವೇ.

ಆ ದಿನಗಳಲ್ಲಿ ಭಾರತದಲ್ಲಿ ರೋಟಾ ವರ್ಷಕ್ಕೆ ಲಕ್ಷದ ಆಸುಪಾಸು ಮಕ್ಕಳನ್ನು ಕೊಲ್ಲುತ್ತಿತ್ತೆಂದು ಅಂದಾಜು. ವರ್ಷಕ್ಕೆ ಎರಡೂವರೆ ಕೋಟಿ ಮಕ್ಕಳು ಹುಟ್ಟುವ ದೇಶದಲ್ಲಿ ಎಲ್ಲರಿಗೂ ಆ ಲಸಿಕೆ ಹಾಕಿದ್ದರೆ ಎರಡೂವರೆ ಸಾವಿರ ಕೂಸುಗಳ ಕರುಳಿಗೆ ತೊಡಕಾಗುತ್ತಿತ್ತು. ಅಷ್ಟೂ ಕೂಸುಗಳು ಆಸ್ಪತ್ರೆ ಸಿಗದೆ ಸತ್ತೇಹೋದವೆಂದು ಇಟ್ಟುಕೊಳ್ಳಿ. ಲಸಿಕೆ ಅರ್ಧದಷ್ಟೇ ಕೆಲಸ ಮಾಡಿತೆಂದೂ ಇಟ್ಟುಕೊಳ್ಳಿ. ಆಗಲೂ ಒಟ್ಟಾರೆ ಉಳಿಯುತ್ತಿದ್ದವು ನಲವತ್ತೇಳೂವರೆ ಸಾವಿರ. ಆದರೆ ಅಮೆರಿಕ ಬೇಡವೆಂದು ಬಿಟ್ಟ ಲಸಿಕೆಯನ್ನು ತನ್ನ ದೇಶದ ಮಕ್ಕಳಿಗೆ ಹಾಕಿಸುತ್ತೇನೆ ಎಂದು ಯಾವ ಆರೋಗ್ಯ ಮಂತ್ರಿ ಬಾಯಿ ಬಿಟ್ಟಾನು? ಲಸಿಕೆಯಿಂದ ಸತ್ತ ಒಂದು ಮಗುವಿನ ಫೋಟೊ ಮುಖಪುಟಕ್ಕೆ ಬರುತ್ತದೆ, ಭೇದಿಯಿಂದ ಸತ್ತ ನಲವತ್ತು ಮಕ್ಕಳು ಪಂಚಾಯಿತಿ ರಿಜಿಸ್ಟರಿಗೂ ಸರಿಯಾಗಿ ಬರುವುದಿಲ್ಲ. ಮುಂದಿನ ಲಸಿಕೆಗಳನ್ನು ಅರವತ್ತು ಸಾವಿರಕ್ಕೂ ಹೆಚ್ಚು ಕೂಸುಗಳಲ್ಲಿ ಪರೀಕ್ಷಿಸಿ ಹೊರತಂದರು. ದೆಹಲಿಯ ಏಮ್ಸ್‌ನಲ್ಲಿ ಡಾ. ಎಂ.ಕೆ. ಭಾನ್ ಮತ್ತವರ ಸಂಗಡಿಗರು ನವಜಾತ ಶಿಶುಗಳಲ್ಲಿ ಗುರುತಿಸಿದ ವೈರಸ್ ತಳಿಯಿಂದ ನಮ್ಮದೇ ರೋಟಾವ್ಯಾಕ್ ತಯಾರಾಗಿ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿದ್ದು 2016ರಲ್ಲಿ. ನಡುವಿನ ಹದಿನೇಳು ವರ್ಷಕ್ಕೆ ಜವಾಬು ಕೊಡುವವರಿಲ್ಲ. ಎಚ್ಚರಿಕೆಗೂ ಬೆಲೆ ಇರುತ್ತದೆ, ಅದನ್ನು ತೆರುವವರು ಬೇರೆಯವರು.

ನಮ್ಮ ಮನಸ್ಸು ಹೀಗೆಯೇ. ನಾನೇ ಎತ್ತಿಕೊಂಡು ಹೋಗಿ ಹಾಕಿಸಿದ ಸೂಜಿಯಿಂದ ಮಗುವಿಗೆ ಏನಾದರೂ ಆದರೆ ಅದು ನನ್ನ ತಪ್ಪು. ತಾನಾಗಿ ಬಂದ ಕಾಯಿಲೆಯಿಂದ ಆದರೆ ಹಣೆಬರಹ. 'ಚೆನ್ನಾಗಿದ್ದ ಕೂಸಿಗೆ ಚುಚ್ಚಿಸ್ಕೊಂಡು ಬಂದ್ಯಲ್ಲೇ' ಎಂದು ರಾತ್ರಿ ಜ್ವರ ಏರಿದಾಗ ಗೊಣಗುವ ಅತ್ತೆಯ ಮಾತಿನಲ್ಲಿ ಇದೆಲ್ಲ ಇದೆ. ಮಗು ಚೆನ್ನಾಗಿತ್ತು ಎಂಬುದು ನಿಜವೇ. ಲಸಿಕೆ ಕಾಯಿಲೆ ಇಲ್ಲದವರಿಗೆ ಕೊಡುವ ಔಷಧ. ಆದ್ದರಿಂದಲೇ ಅದರಿಂದಾಗುವ ಸಣ್ಣ ತೊಂದರೆಯನ್ನೂ ನಾವು ಸಹಿಸುವುದಿಲ್ಲ, ಸಹಿಸಬೇಕಾಗಿಯೂ ಇಲ್ಲ. ಆದರೆ ಇನ್ನೊಂದು ತಟ್ಟೆಯಲ್ಲಿರುವುದು ಕಣ್ಣಿಗೆ ಬೀಳದಂತೆ ಮಾಡಿರುವುದೂ ಲಸಿಕೆಯೇ. ಗಂಟಲಮಾರಿಯಿಂದ ಉಸಿರುಗಟ್ಟಿದ ಮಗುವನ್ನು ಇಂದಿನ ಎಷ್ಟು ತಾಯಂದಿರು ನೋಡಿದ್ದಾರೆ? ಧನುರ್ವಾಯುವಿನಿಂದ ಬಿಲ್ಲಿನಂತೆ ಬಾಗಿದ ಬಾಣಂತಿಕೋಣೆಯ ಕೂಸನ್ನು? ಅಜ್ಜಿಯಂದಿರು ನೋಡಿದ್ದರು, ಅವರು ಹೊರಟುಹೋದರು.

ಈ ಮರೆವಿನ ಬೆಲೆ ಏನೆಂಬುದನ್ನು ಜಪಾನ್ ಒಮ್ಮೆ ಅನುಭವಿಸಿದೆ. ಎಪ್ಪತ್ತರ ದಶಕದ ಹೊತ್ತಿಗೆ ಅಲ್ಲಿ ನಾಯಿಕೆಮ್ಮು ಹೆಚ್ಚುಕಡಿಮೆ ಮರೆತೇಹೋದ ಕಾಯಿಲೆ. 1974ರಲ್ಲಿ ಇಡೀ ದೇಶದಲ್ಲಿ 393 ಪ್ರಕರಣ, ಸಾವು ಒಂದೂ ಇಲ್ಲ. ಆ ಚಳಿಗಾಲದಲ್ಲಿ ಲಸಿಕೆ ಹಾಕಿಸಿಕೊಂಡ ಬೆನ್ನಿಗೇ ಇಬ್ಬರು ಮಕ್ಕಳು ತೀರಿಕೊಂಡರು. ಸರ್ಕಾರ ಲಸಿಕೆಯನ್ನು ತಡೆಹಿಡಿದು, ಕೆಲವೇ ತಿಂಗಳಲ್ಲಿ ಮತ್ತೆ ಶುರು ಮಾಡಿತು. ತಂದೆತಾಯಿಗಳು ಮಾತ್ರ ಮರಳಲಿಲ್ಲ. ನೂರಕ್ಕೆ ಎಂಬತ್ತು ಮಕ್ಕಳಿಗೆ ಸಿಗುತ್ತಿದ್ದ ಲಸಿಕೆ ಹತ್ತಕ್ಕಿಳಿಯಿತು. 1979ರಲ್ಲಿ 13,000 ಮಂದಿಗೆ ನಾಯಿಕೆಮ್ಮು ಬಂದು 41 ಮಂದಿ ಸತ್ತರು.

ಈ ಕತೆಯನ್ನು ಲಸಿಕೆಯ ಪರದವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದೂ ಬೇಕು. ಹೆದರಿದ ತಂದೆತಾಯಿಗಳ ಒತ್ತಡದಿಂದಲೇ ಜಪಾನೀ ವಿಜ್ಞಾನಿಗಳು ಜ್ವರ, ಬಾವು ಕಡಿಮೆ ಇರುವ ಹೊಸ ನಾಯಿಕೆಮ್ಮು ಲಸಿಕೆ ಮಾಡಿದರು. 1981ರಲ್ಲಿ ಅದು ಬಳಕೆಗೆ ಬಂತು. ಇವತ್ತು ಬೆಂಗಳೂರಿನ ಮಕ್ಕಳ ಕ್ಲಿನಿಕ್‌ಗಳಲ್ಲಿ 'ನೋವಿಲ್ಲದ ಲಸಿಕೆ' ಎಂದು ಸಾವಿರಾರು ರೂಪಾಯಿಗೆ ಹಾಕುವುದು ಆ ವಂಶದ್ದೇ. ಅಂಗನವಾಡಿಯಲ್ಲಿ ಬಿಟ್ಟಿಯಾಗಿ ಸಿಗುವುದು ಹಳೆಯ ಬಗೆಯದು. ಅದರಿಂದ ಜ್ವರ ಹೆಚ್ಚು, ತೊಡೆ ಊದಿಕೊಂಡು ಮಗು ರಾತ್ರಿಯೆಲ್ಲ ಅಳುವುದೂ ಹೆಚ್ಚು. ಆದರೆ ಅದು ಕೊಡುವ ರಕ್ಷಣೆ ಹೊಸದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ದುಡ್ಡು ಕೊಟ್ಟವರದೇ ಒಳ್ಳೆಯ ಲಸಿಕೆ ಎಂದು ನಂಬಿರುವ ನಮ್ಮ ನಗರದ ಮಂದಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ–ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸಾಪಿನಲ್ಲಿ ಏನೆಲ್ಲ ಹರಿದಾಡಿತ್ತು, ನೆನಪಿದೆಯೇ? ಶಾಲೆಯಿಂದ ಒಪ್ಪಿಗೆ ಚೀಟಿ ಬಂದ ದಿನ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ರಜೆ. ದಡಾರ ಬಂದ ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಮಿದುಳಿನ ಉರಿಯೂತವಾಗುತ್ತದೆ. ಒಳ್ಳೆಯ ಆಸ್ಪತ್ರೆಗಳಿರುವ ದೇಶಗಳಲ್ಲೂ ಸಾವಿರಕ್ಕೆ ಒಬ್ಬರಿಂದ ಮೂವರು ಸಾಯುತ್ತಾರೆ. ಕೆಲವರಲ್ಲಿ ವೈರಸ್ ಮಿದುಳಿನಲ್ಲಿ ಅಡಗಿ ಕೂತು ಏಳೆಂಟು ವರ್ಷದ ನಂತರ ಏಳುತ್ತದೆ. ಓದಿನಲ್ಲಿ ಹಿಂದೆ ಬೀಳುವುದು, ಕೈಯಲ್ಲಿನ ಲೋಟ ಜಾರುವುದು, ಮೈ ಬೆಚ್ಚಿಬೀಳುವುದು ಮೊದಲಾಗಿ, ಕಡೆಗೆ ಹಾಸಿಗೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಇಂಥ ಮಕ್ಕಳನ್ನು ಬಹಳ ಕಾಲದಿಂದ ನೋಡುತ್ತ ಬಂದಿದ್ದಾರೆ. ಗುಣಪಡಿಸುವ ಔಷಧ ಇಲ್ಲ. ಲಸಿಕೆಯ ಕಡೆಗೆ ಬಂದರೆ, ಮೂರು–ನಾಲ್ಕು ಸಾವಿರಕ್ಕೆ ಒಂದು ಮಗುವಿಗೆ ಜ್ವರದಲ್ಲಿ ಫಿಟ್ಸ್ ಬರಬಹುದು. ನೋಡುವವರ ಜೀವ ಹೋದಂತಾಗುತ್ತದೆ, ಮಗು ಚೇತರಿಸಿಕೊಳ್ಳುತ್ತದೆ. ಹತ್ತು ಲಕ್ಷಕ್ಕೆ ಒಬ್ಬರ ಲೆಕ್ಕದಲ್ಲಿ ತೀವ್ರ ಅಲರ್ಜಿ. ಅದಕ್ಕೇ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದು, ಮೇಜಿನ ಮೇಲೆ ಅಡ್ರಿನಲಿನ್ ಇಟ್ಟುಕೊಳ್ಳುವುದು. ಇಲ್ಲಿ ತೂಕದ ಬಗ್ಗೆ ಅನುಮಾನಕ್ಕೆ ಎಡೆಯೇ ಇಲ್ಲ.

ತೂಕ ಕಾಲದೊಂದಿಗೆ ತಿರುಗುವುದಕ್ಕೆ ಪೋಲಿಯೊ ಹನಿಗಿಂತ ಒಳ್ಳೆಯ ಸಾಕ್ಷಿ ಬೇಡ. ಆ ಎರಡು ಹನಿಯಲ್ಲಿರುವುದು ಬಲ ಕುಂದಿಸಿದ ಜೀವಂತ ವೈರಸ್. ಸುಮಾರು 27 ಲಕ್ಷ ಮೊದಲ ಡೋಸಿಗೆ ಒಂದರಂತೆ ಅದೇ ಪಾರ್ಶ್ವವಾಯು ತರಬಲ್ಲದು. ಊರಿಗೊಬ್ಬ ಕುಂಟುವ ಹುಡುಗ ಇದ್ದ ಕಾಲದಲ್ಲಿ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಾಣಿಸಿದ್ದೇ ಭಾರತದ ಕೊನೆಯ ಕಾಡು ಪೋಲಿಯೊ ಪ್ರಕರಣ. ಕಾಯಿಲೆಯ ತಟ್ಟೆ ಬರಿದಾದ ಕ್ಷಣಕ್ಕೆ 27 ಲಕ್ಷಕ್ಕೆ ಒಂದು ಎಂಬುದೂ ಭಾರವಾಯಿತು. ಎರಡನೇ ಬಗೆಯ ಕಾಡು ವೈರಸ್ 1999ರಲ್ಲೇ ಅಳಿದಿದ್ದರೂ ಹನಿಯಲ್ಲಿ ಅದು ಉಳಿದಿತ್ತು. 2016ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಅದನ್ನು ತೆಗೆದ ಹೊಸ ಹನಿ ಬಂತು, ಜೊತೆಗೆ ಸತ್ತ ವೈರಸ್ಸಿನ ಚುಚ್ಚುಮದ್ದೂ ಸೇರಿತು. ಸಿಡುಬಿನ ಲಸಿಕೆಯನ್ನು ಪೂರಾ ನಿಲ್ಲಿಸಿದ್ದೂ ಹೀಗೆಯೇ. 1980ರಲ್ಲಿ ಕಾಯಿಲೆಯೇ ಇಲ್ಲವೆಂದಾದ ಮೇಲೆ ತೋಳಿನ ಮೇಲೆ ಆ ಕಲೆ ಯಾರಿಗೆ ಬೇಕು? ವೈದ್ಯರು ಲಸಿಕೆಗೆ ಪೂಜೆ ಮಾಡುತ್ತಾರೆ ಎನ್ನುವವರು ಇದನ್ನೂ ನೋಡಬೇಕು.

ಹೀಗಿರುವಾಗ ಹಳ್ಳಿಯ ಲಸಿಕೆ ದಿನ ಏನು ನಡೆಯುತ್ತದೆ? 'ಏನೂ ಆಗಲ್ಲ ಕಣಮ್ಮ, ಹಾಕಿಸ್ಕೊಂಡು ಹೋಗು.' ಸಾಲಿನಲ್ಲಿ ಇನ್ನೂ ಇಪ್ಪತ್ತು ತಾಯಂದಿರು ನಿಂತಿರುವಾಗ ಬಾಯಿಗೆ ಬರುವುದು ಅದೇ. ಆಶಾ ಕಾರ್ಯಕರ್ತೆಯನ್ನು ದೂರಿ ಫಲವಿಲ್ಲ. ಜ್ವರ ಬರುತ್ತದೆ, ಇಷ್ಟು ಹೊತ್ತು ಇರುತ್ತದೆ, ಈ ಸಿರಪ್ ಇಷ್ಟು ಕೊಡಿ, ಹೀಗಾದರೆ ಮಾತ್ರ ಓಡಿ ಬನ್ನಿ ಎಂದು ಹೇಳಬೇಕೆಂಬ ಸೂಚನೆ ಅವರಿಗಿದೆ, ಹೇಳುವ ಪುರಸೊತ್ತು ಇಲ್ಲ. 'ಏನೂ ಆಗಲ್ಲ' ಎಂದವರ ಮಾತು ಆ ರಾತ್ರಿ ಜ್ವರ ಬಂದೊಡನೆ ಸುಳ್ಳಾಗುತ್ತದೆ. ಮುಂದೆ ಅವರು ದಡಾರದ ಬಗ್ಗೆ ಹೇಳುವ ನಿಜವನ್ನೂ ಯಾರು ನಂಬುತ್ತಾರೆ?

ಲಕ್ಷಕ್ಕೆ ಒಬ್ಬರು ಎಂದು ಬರೆಯುವುದು ನನ್ನಂಥವನಿಗೆ ಸುಲಭ. ಆ ಒಬ್ಬರ ಮನೆಯಲ್ಲಿ ಅದು ನೂರಕ್ಕೆ ನೂರು. ಊರನ್ನೆಲ್ಲ ಕಾಯುವ ಕಾರ್ಯಕ್ರಮದಲ್ಲಿ ಪೆಟ್ಟು ತಿಂದವರ ಖರ್ಚು ಊರಿನದೇ ಆಗಬೇಕು. ಅಮೆರಿಕದಲ್ಲಿ 1986ರ ಕಾನೂನಿನಂತೆ ಪ್ರತಿ ಡೋಸಿನ ಮೇಲೆ ಸಣ್ಣ ತೆರಿಗೆ ಹಾಕಿ ಒಂದು ನಿಧಿ ಕಟ್ಟಿದ್ದಾರೆ. ತಪ್ಪು ಯಾರದೆಂದು ಸಾಬೀತು ಮಾಡದೆಯೂ ಅದರಿಂದ ಪರಿಹಾರ ಸಿಗುತ್ತದೆ. ನಮ್ಮಲ್ಲಿ ಮಕ್ಕಳನ್ನು ಕಳೆದುಕೊಂಡವರು ಪರಿಹಾರಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಯಾರನ್ನೂ ಬಲವಂತವಾಗಿ ಲಸಿಕೆಗೆ ಒಳಪಡಿಸುವಂತಿಲ್ಲ, ಅಡ್ಡಪರಿಣಾಮಗಳ ಮಾಹಿತಿಯನ್ನು ಜನರ ಮುಂದಿಡಬೇಕು ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿದ್ದು ಸರಿಯಾಗಿಯೇ ಇದೆ. ಎರಡನೆಯ ಮಾತು ಜಾರಿಯಾದಷ್ಟೂ ಮೊದಲನೆಯದರ ಗೊಡವೆ ಕಡಿಮೆಯಾಗುತ್ತದೆ.

ಲೆಕ್ಕ ತಪ್ಪಿದಾಗ ಏನಾಗುತ್ತದೆಂದು ನಮ್ಮ ಮಲೆನಾಡಿನವರನ್ನು ಕೇಳಬೇಕು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳುವುದರೊಂದಿಗೆ ಗೊತ್ತಾದ ಮಂಗನ ಕಾಯಿಲೆ, ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿಯನ್ನು ಕೊಂಡೊಯ್ಯುತ್ತದೆ. ಅದಕ್ಕೆ 1990ರಿಂದ ಲಸಿಕೆಯೂ ಇತ್ತು, ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರೇಳು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷವರ್ಷವೂ ಮತ್ತೆ. ವಿಪರೀತ ನೋವಿನ ಸೂಜಿ ಬೇರೆ. ಜನ ಒಂದಕ್ಕೇ ಕೈಮುಗಿದು ದೂರ ಸರಿದರು. ಆರೋಗ್ಯ ಇಲಾಖೆಯವರು ಅದನ್ನು ಜನರ ಅಸಡ್ಡೆ ಎನ್ನುತ್ತಿದ್ದರು. 2005ರಿಂದ 2010ರವರೆಗಿನ ಅಂಕಿಗಳನ್ನು ತೆಗೆದು ನೋಡಿದಾಗ ಎರಡು ಡೋಸಿನ ರಕ್ಷಣೆ ಶೇಕಡ 62.4, ಬೂಸ್ಟರ್ ಸೇರಿದರೆ 82.9, ಒಂದೇ ಡೋಸಿಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ ಎಂದಾಯಿತು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಸಾಲು ಸಾಲು ಸಾವುಗಳಾದವು. ಕೊನೆಗೆ 2022ರಲ್ಲಿ, ಪರಿಣಾಮ ಸಾಲದೆಂದು ಲಸಿಕೆಯನ್ನೇ ನಿಲ್ಲಿಸಿದರು. ನೋವು ಖಚಿತ, ರಕ್ಷಣೆ ಅನುಮಾನ ಎಂದು ತಮ್ಮ ಮೈಮೇಲೆಯೇ ತೂಗಿ ನೋಡಿ ಹಿಂದೆ ಸರಿದ ಜನರ ಲೆಕ್ಕ ಇಲಾಖೆಯ ಲೆಕ್ಕಕ್ಕಿಂತ ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಈಗ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆ ಸಿದ್ಧಪಡಿಸುತ್ತಿವೆ. ಅಲ್ಲಿಯವರೆಗೆ ತರಗೆಲೆ, ಸೌದೆಗೆ ಕಾಡಿಗೆ ಹೋಗುವವರಿಗೆ ಈ ಕಾಯಿಲೆ ಹರಡುವ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆಯೇ ಗತಿ. ಹೊಸ ಲಸಿಕೆ ಬಂದ ದಿನ ಅರಳಗೋಡಿನವರು ಕೇಳುವ ಮೊದಲ ಪ್ರಶ್ನೆ ಸುರಕ್ಷತೆಯದಾಗಿರುವುದಿಲ್ಲ. 'ಇದಾದ್ರೂ ಕೆಲ್ಸ ಮಾಡ್ತದಾ?' ಎಂದೇ ಕೇಳುತ್ತಾರೆ. ನೂರು ಜನರಲ್ಲಿ ಎಷ್ಟು ಮಂದಿಯನ್ನು ಕಾಯುತ್ತದೆ, ಎಷ್ಟು ಮಂದಿಗೆ ಜ್ವರ ಬರುತ್ತದೆ, ಯಾವ ಬ್ಯಾಚಿನ ಶಕ್ತಿ ಪರೀಕ್ಷೆಯಲ್ಲಿ ಎಷ್ಟು ಬಂತು, ಇವಿಷ್ಟನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟು, ಆಮೇಲೆ ಸೂಜಿ ಎತ್ತಿಕೊಳ್ಳಲಿ. ಸೀಮೆಸುಣ್ಣಕ್ಕೆ ಟೆಂಡರ್ ಕರೆಯಬೇಕಾಗಿಲ್ಲ.